ಮೇಜಿಗೆ ಹಾಸಿದ ಹಳಿ

ಬೇಟೆಯನ್ನೋ ಗುರಿಯಭ್ಯಾಸವನ್ನೋ ಹವ್ಯಾಸವಾಗಿ ಇಟ್ಟುಕೊಂಡಿರುವ ಅಮೆರಿಕಾ ದೇಶದ ಗೃಹಸ್ಥರಲ್ಲಿ ಹಲವರು, ಒಮ್ಮೆ ಹಾರಿಸಿದ ತೋಟೆಯ ಹಿತ್ತಾಳೆ ಚಿಪ್ಪನ್ನು ಎಸೆಯದೆ ಆರಿಸಿ ತಂದು, ತೊಳೆದು, ತಿದ್ದಿ, ಹಳೆಯ ಕೇಪನ್ನು ತೆಗೆದು ಹೊಸದನ್ನು ಕೂರಿಸಿ, ಅಳತೆಯ ಮದ್ದನ್ನು ತುಂಬಿ, ಬಾಯಿಗೊಂದು ಗುಂಡನ್ನು ಒತ್ತಿ, ಅದನ್ನು ಮರಳಿ ತೋಟೆಯನ್ನಾಗಿ ಮಾಡಿಕೊಳ್ಳುವರು. ಸ್ವಂತ ಬಳಕೆಗೆ ಹೀಗೆ ಮಾಡಿಕೊಳ್ಳುವವನಿಗೆ ಅಲ್ಲಿಯ ಕೇಂದ್ರ ಸರ್ಕಾರದ ಪರವಾನಗಿ ಅಗತ್ಯವಿಲ್ಲ. ಮಾರುವ ಉದ್ದೇಶವಿದ್ದರೆ ಮಾತ್ರ ತಯಾರಕನ ಪರವಾನಗಿ ಪಡೆಯತಕ್ಕದ್ದು. ಖರ್ಚು ಉಳಿಯುವುದೆಂಬುದು ಇದಕ್ಕೆ ಎಲ್ಲರೂ ಹೇಳುವ ಕಾರಣ. ತನ್ನ ಕೋವಿಯ ನಳಿಗೆಗೆ ಒಪ್ಪುವ ತೋಟೆಯನ್ನು ಅಂಗಡಿಯವನಿಗಿಂತ ತಾನೇ ಚೆನ್ನಾಗಿ ಮಾಡಬಲ್ಲೆನೆಂಬ ಅಭಿಮಾನವು ಹೇಳದಿರುವ ಕಾರಣ. ಎರಡನೆಯದೇ ಪ್ರಬಲವಾದದ್ದೆಂದು ನನ್ನ ಊಹೆ; ಏಕೆಂದರೆ ಉಳಿದ ಹಣವೆಲ್ಲ ಮತ್ತೊಂದು ಉಪಕರಣಕ್ಕೆ ವ್ಯಯವಾಗುವುದನ್ನು ಆ ಹವ್ಯಾಸಿಗಳ ಮನೆಯವರು ಬಲ್ಲರು.

ಈ ಉಪಕರಣಗಳ ವೃದ್ಧಿಯೇ ಇಂದಿನ ನಮ್ಮ ವಿಷಯಕ್ಕೆ ಮೂಲ. ಚಿಪ್ಪನ್ನು ಅಚ್ಚಿನೊಳಕ್ಕೆ ಒತ್ತುವ ಪ್ರೆಸ್ಸೊಂದು, ಮದ್ದನ್ನು ಅಳೆದು ಸುರಿಯುವ ಅಳತೆಯಂತ್ರವೊಂದು, ಚಿಪ್ಪಿನ ಬಾಯನ್ನು ಕತ್ತರಿಸಿ ಉದ್ದವನ್ನು ಸರಿಮಾಡುವ ಸಣ್ಣ ಲೇತೊಂದು, ಕೇಪು ಕೂರಿಸುವ ಸನ್ನೆಯೊಂದು, ಹಿಡಿತಕ್ಕೆ ವೈಸೊಂದು—ಹೀಗೆ ಒಂದೊಂದೂ ಮೇಜಿನ ಅಂಚಿನಲ್ಲಿ ತನ್ನ ಸ್ಥಾನವನ್ನು ಬೇಡುವುದು, ತನ್ನ ಬೋಲ್ಟುಗಳಿಗೆ ತನ್ನವೇ ಆದ ತೂತುಗಳನ್ನು ಕೊರೆಸಿಕೊಳ್ಳುವುದು. ಮೇಜು ಉದ್ದವಾಗಲಾರದು, ಉಪಕರಣಗಳು ಕಡಮೆಯಾಗಲಾರವು. ಈ ಇಕ್ಕಟ್ಟಿನಿಂದ ಪಾರಾಗಲು ಕೆಲವರು ಈಚಿನ ವರ್ಷಗಳಲ್ಲಿ ಕಂಡುಕೊಂಡಿರುವ ದಾರಿಯೆಂದರೆ, ಮೇಜಿನ ಮೇಲ್ಮೈಯಲ್ಲಿ ಲೋಹದ ಹಳಿಯನ್ನು ಹೂತು, ಉಪಕರಣಗಳನ್ನು ಅದರಲ್ಲಿ ಜಾರಿಸಿ, ಬೇಕಾದೆಡೆಯಲ್ಲಿ ಬಿಗಿದು, ಬೇಡವಾದಾಗ ಕಳಚಿ ಕಪಾಟಿನಲ್ಲಿಡುವುದು. ಕೇಳುವುದಕ್ಕೆ ಇದು ಅತಿ ಸರಳ. ಮಾಡುವಾಗ ಮಾತ್ರ, ಮರ, ಲೋಹ, ತಿರುಪು, ಸನ್ನೆ ಇವುಗಳ ಸ್ವಭಾವಗಳೆಲ್ಲ ಒಂದೊಂದಾಗಿ ಎದುರಾಗಿ ತಮ್ಮ ಪಾಲಿನ ಲೆಕ್ಕವನ್ನು ಕೇಳುತ್ತವೆ.

ಮೊದಲಿಗೆ ತೋಟೆ ತುಂಬುವ ಕೆಲಸಕ್ಕೆ ಮೇಜೇ ಬೇಕಿರಲಿಲ್ಲವೆಂಬುದನ್ನು ನೆನೆಯುವುದು ಉಚಿತ. 1870ರ ದಶಕದಲ್ಲಿ ಅಮೆರಿಕೆಯ ಬಯಲುಗಳಲ್ಲಿ ಕಾಡೆಮ್ಮೆಗಳನ್ನು ಕೊಂದು ಚರ್ಮ ಮಾರುತ್ತಿದ್ದ ಬೇಟೆಗಾರರು ರಾತ್ರಿ ಬಿಡಾರದ ಬೆಂಕಿಯ ಬಳಿಯಲ್ಲೇ ಮರುದಿನದ ತೋಟೆಗಳನ್ನು ತುಂಬಿಕೊಳ್ಳುತ್ತಿದ್ದರು. 1884ರಲ್ಲಿ ಜಾನ್ ಬಾರ್ಲೋ ಎಂಬಾತನು ಸ್ಥಾಪಿಸಿದ ಐಡಿಯಲ್ ಕಂಪನಿಯವರು ಇಕ್ಕುಳದಂತೆ ಕೈಯಲ್ಲಿ ಹಿಡಿದು ಅಮುಕತಕ್ಕ ಒಂದು ಸಾಧನವನ್ನು ಮಾಡಿ ಮಾರಿದರು. ತೋಟೆಯ ಬಹುತೇಕ ಸಂಸ್ಕಾರಗಳು ಅದೊಂದರಲ್ಲೇ ಆಗುತ್ತಿದ್ದವು, ಜೀನಿನ ಚೀಲದಲ್ಲಿ ಅದು ಅಡಕವಾಗುತ್ತಿತ್ತು. 1925ರಲ್ಲಿ ಆ ಕಂಪನಿಯನ್ನು ಲೈಮನ್ ಸಂಸ್ಥೆಯವರು ಕೊಂಡರು. ಕೈಯಿಕ್ಕುಳದಿಂದ ಆಗಲಾರದ ಒಂದು ಕೆಲಸವಿತ್ತು: ಹಾರಿಸಿದಾಗ ಉಬ್ಬಿದ ಚಿಪ್ಪನ್ನು ಬುಡದಿಂದ ಕತ್ತಿನವರೆಗೂ ಹಿಂದಿನ ಅಳತೆಗೆ ತರುವುದು. ಅದಕ್ಕೆ ಬೆರಳಿನ ಬಲ ಸಾಲದು, ತೋಳಿನ ಬಲ ಬೇಕು. ತೋಳಿನ ಬಲವನ್ನು ತಡೆದು ನಿಲ್ಲುವ ಆಧಾರವೂ ಬೇಕು. 1943ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್ ಎಂಬ ಊರಿನಲ್ಲಿ ಫ್ರೆಡ್ ಹಂಟಿಂಗ್ಟನ್ನನು ಬೆಟ್ಟದ ಅಳಿಲಿನಂಥ ಒಂದು ಪ್ರಾಣಿಯ ಬೇಟೆಗೆ ಸಣ್ಣ ಗುಂಡುಗಳನ್ನು ಒತ್ತುವ ಅಚ್ಚುಗಳನ್ನು ಮಾಡಲಾರಂಭಿಸಿ, ಆ ಪ್ರಾಣಿಯ ಹಾಗೂ ಆ ಅಚ್ಚಿನ ಹೆಸರುಗಳ ಮೊದಲಕ್ಷರಗಳಿಂದಲೇ ಆರ್‌ಸಿಬಿಎಸ್ ಎಂಬ ಸಂಸ್ಥೆಯನ್ನು ಕಟ್ಟಿದನು. ಮುಂದೆ ಅವನ ಎರಕದ ಕಬ್ಬಿಣದ ಪ್ರೆಸ್ಸುಗಳು ಹಸಿರು ಬಣ್ಣ ಬಳಿದುಕೊಂಡು ಮನೆಮನೆಯ ಮೇಜಿನ ಅಂಚನ್ನು ಏರಿದವು. ಅಂದು ಮೇಜಿಗೆ ಬೋಲ್ಟು ಹಾಕಿಸಿಕೊಂಡ ಉಪಕರಣವು ತನ್ನ ಸಂಚಾರವನ್ನು ಕಳೆದುಕೊಂಡಿತು. ಹಳಿಯ ಮೂಲಕ ಅದನ್ನು ಈಗ ಭಾಗಶಃ ಮರಳಿ ಪಡೆಯಲೆತ್ನಿಸುತ್ತಿದೆ.

ನಮ್ಮ ನಾಡಿನವರಿಗೂ ಈ ವಿದ್ಯೆಯ ವಾಸನೆ ಇಲ್ಲದಿಲ್ಲ. ಮಲೆನಾಡಿನ ಕೇಪಿನ ಕೋವಿಯವರು ಮದ್ದನ್ನು ತಾವೇ ಅಳೆದು ನಳಿಗೆಯ ಬಾಯಿಂದ ಸುರಿದು, ಚರೆ ಹಾಕಿ, ಸಲಾಕೆಯಿಂದ ಗಿಡಿಯುತ್ತಿದ್ದರು. ಅಳತೆ ತಪ್ಪಿದರೆ ಆಗುವ ಅನಾಹುತವನ್ನು ಅವರಿಗೆ ಪುಸ್ತಕ ಹೇಳಿಕೊಡಬೇಕಾಗಿರಲಿಲ್ಲ. ಕೊಡಗಿನಲ್ಲಂತೂ ಕೊಡವರಿಗೂ ಜಮ್ಮಾ ಹಿಡುವಳಿಯವರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿಯುಂಟು, ಅದು 1861ರಷ್ಟು ಹಿಂದಿನಿಂದ ಬಂದದ್ದು. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜಿಸುವರು. ಆದರೆ ತೋಟೆಯನ್ನು ಮನೆಯಲ್ಲೇ ಮರಳಿ ತುಂಬುವ ಮೇಜು ಒಂದು ಗೃಹಕೃತ್ಯವಾಗಿ ಬೆಳೆದದ್ದು ಅಮೆರಿಕೆಯಲ್ಲಿ. ನಮ್ಮಲ್ಲಿ ಆಯುಧದ ಪರವಾನಗಿಯಲ್ಲಿ ತೋಟೆಗಳ ಸಂಖ್ಯೆಯನ್ನೂ ನಮೂದಿಸುವ ಪದ್ಧತಿಯಿರುವುದರಿಂದ, ನಾವು ಈ ಮೇಜನ್ನು ಬಡಗಿಯ ದೃಷ್ಟಿಯಿಂದ ನೋಡುವುದೇ ಸರಿ. ಬಡಗಿಗೆ ಅದರಲ್ಲಿ ನೋಡತಕ್ಕದ್ದು ಸಾಕಷ್ಟಿದೆ.

ಪೆನ್ಸಿಲ್ವೇನಿಯಾ ಪ್ರಾಂತದಲ್ಲಿರುವ ನನ್ನ ಸೋದರಳಿಯನ ನೆರೆಮನೆಯವರೊಬ್ಬರು, ನಿವೃತ್ತರಾದ ಯಂತ್ರಕೆಲಸಗಾರರು, ತಮ್ಮ ಗ್ಯಾರೇಜಿನಲ್ಲಿದ್ದ ಇಂಥ ಮೇಜನ್ನು ನನಗೆ ಸಾವಕಾಶವಾಗಿ ತೋರಿಸಿದರು. ಅದರ ಮುಂದಂಚು ಗೆದ್ದಲು ಹಿಡಿದ ತೊಲೆಯಂತೆ ತೂತುಗಳಿಂದ ತುಂಬಿಹೋಗಿತ್ತು. ಒಂದು ತೂತಿಗೂ ಇನ್ನೊಂದಕ್ಕೂ ನಡುವೆ ಬೆರಳಗಲವೂ ಉಳಿಯದಿದ್ದ ಎಡೆಯಲ್ಲಿ ಪ್ಲೈವುಡ್ಡಿನ ಪದರಗಳು ಬಿಟ್ಟುಕೊಂಡಿದ್ದವು. ಹೊಸ ಬೋಲ್ಟು ಹಾಕಿದರೆ ಹಳೆಯ ತೂತಿಗೆ ಜಾರುತ್ತಿತ್ತು. ಹಳಿ ಹಾಸುವ ಆಲೋಚನೆ ಅವರಿಗೆ ಬಂದದ್ದು ಹಾಗೆ. ಯಂತ್ರಶಾಲೆಯಲ್ಲಿ ಬಾಳು ಕಳೆದವರಿಗೆ ಆ ಉಪಾಯ ಹೊಸದಾಗಿರಲಿಲ್ಲವೆಂಬುದನ್ನೂ ಹೇಳಬೇಕು: ಮಿಲ್ಲಿಂಗ್ ಯಂತ್ರದ ಹಾಸಿನ ಮೇಲೆ, ತಲೆಕೆಳಗಾದ ಇಂಗ್ಲಿಷ್ ‘ಟಿ’ ಅಕ್ಷರದ ಆಕಾರದ ತೋಡುಗಳನ್ನು ಎರಕದ ಕಬ್ಬಿಣದಲ್ಲೇ ಕೊರೆದು, ಅಗಲ ತಲೆಯ ಬೋಲ್ಟನ್ನು ಅದರೊಳಗೆ ಜಾರಿಸಿ ಕೆಲಸದ ತುಂಡನ್ನು ಬಿಗಿಯುವ ಕ್ರಮ ಒಂದು ಶತಮಾನಕ್ಕೂ ಹಳೆಯದು. ಅದೇ ತೋಡನ್ನು ಅಲ್ಯುಮಿನಿಯಂ ಪಟ್ಟಿಯಲ್ಲಿ ಹಿಂಡಿ ತೆಗೆದು ಮರಗೆಲಸದ ಅಂಗಡಿಗಳಲ್ಲಿ ಗಜದ ಲೆಕ್ಕದಲ್ಲಿ ಮಾರುವುದು ಮಾತ್ರ ಈಚಿನದು.

ಈ ಅಲ್ಯುಮಿನಿಯಂ ಹಳಿ ಸಾಮಾನ್ಯವಾಗಿ ಮುಕ್ಕಾಲು ಅಂಗುಲ, ಎಂದರೆ 19 ಮಿಲಿಮೀಟರು ಅಗಲ, ಅರ್ಧ ಅಂಗುಲದೊಳಗಿನ ಆಳ. ಒಳಗೆ ಕಾಲಂಗುಲದ ಷಟ್ಕೋನ ಬೋಲ್ಟಿನ ತಲೆ ತಿರುಗದಂತೆ ಕೂತು ಜಾರುವುದು. ಇದಕ್ಕೊಬ್ಬ ದೃಢಕಾಯನಾದ ಅಣ್ಣನೂ ಉಂಟು. 1924ರಲ್ಲಿ ಮಿಷಿಗನ್ ಪ್ರಾಂತದ ಚಾರ್ಲ್ಸ್ ಆಟ್‌ವುಡ್ ಎಂಬಾತನು ಆರಂಭಿಸಿದ ಯುನಿಸ್ಟ್ರಟ್ ಎಂಬ ಉಕ್ಕಿನ ಕಾಲುವೆ, ಕಟ್ಟಡಗಳಲ್ಲಿ ಕೊಳವೆ ತಂತಿಗಳನ್ನು ತೂಗುಹಾಕಲು ಲೋಕವೆಲ್ಲ ಬಳಸತಕ್ಕದ್ದು: ಚೌಕ ಮೈ 41 ಮಿಲಿಮೀಟರು, ತಗಡಿನ ದಪ್ಪ ಎರಡೂವರೆ ಮಿಲಿಮೀಟರಿಗೂ ಮಿಗಿಲು, ಬಾಯಂಚುಗಳು ಒಳಕ್ಕೆ ಮಡಿಸಿದವು. ಒಳಗೆ ಸ್ಪ್ರಿಂಗು ಹೊತ್ತ ನಟ್ಟಿನ ಹಲ್ಲುಗಳು ಆ ಮಡಿಕೆಯನ್ನು ಕಚ್ಚಿ ಹಿಡಿಯುವುವು. ನೋಟಕ್ಕೆ ಒರಟಾದ ಈ ಉಕ್ಕು ಬಲದಲ್ಲಿ ಅಲ್ಯುಮಿನಿಯಂ ತಮ್ಮನನ್ನು ಬಹುದೂರ ಹಿಂದಿಕ್ಕುವುದು. ಕೋವಿಯ ಲೋಕದಲ್ಲಿ ಹಳಿಯ ತತ್ತ್ವಕ್ಕೆ ಇನ್ನೊಂದು ಪ್ರಸಿದ್ಧ ನಿದರ್ಶನವೂ ಇದೆ—ನ್ಯೂಜೆರ್ಸಿಯ ಪಿಕಟಿನ್ನಿ ಶಸ್ತ್ರಾಗಾರದ ಹೆಸರು ಹೊತ್ತು 1995ರಲ್ಲಿ ಅಮೆರಿಕಾ ಸೈನ್ಯದ ಪ್ರಮಾಣವಾದ, ಕೋವಿಯ ಬೆನ್ನಿನ ಮೇಲೆ ದುರ್ಬೀನು ಕೂರಿಸುವ ಕಚ್ಚುಹಳಿ. ಕೋವಿಯ ಬೆನ್ನಿಗೆ ಸಂದದ್ದು ಮೇಜಿನ ಬೆನ್ನಿಗೂ ಸಲ್ಲಲಿ ಎಂದು ಕೆಲವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ.

ಆದರೆ ದುರ್ಬೀನು ಹಳಿಯ ಮೇಲೆ ಕೂತಿರುತ್ತದೆ; ಪ್ರೆಸ್ಸಾದರೋ ಹಳಿಯನ್ನು ಕೀಳಲೆತ್ನಿಸುತ್ತದೆ. ಈ ವ್ಯತ್ಯಾಸವನ್ನು ಮನಗಾಣದೆ ಹಳಿ ಹಾಸುವವನು ಒಂದೆರಡು ತಿಂಗಳಲ್ಲಿ ಅದನ್ನು ಸುತ್ತಿಗೆಯಿಲ್ಲದೆಯೇ ಎಬ್ಬಿಸುವನು. ಲೆಕ್ಕವನ್ನು ನೋಡೋಣ. ಹಿಡಿಕೋಲಿನ ತುದಿ ಪ್ರೆಸ್ಸಿನ ಮುಂದಿನ ಆಧಾರದಿಂದ 40 ಸೆಂಟಿಮೀಟರು ಮುಂದಕ್ಕಿದೆ ಎನ್ನೋಣ. ಬಿಗಿಯಾದ ಚಿಪ್ಪನ್ನು ಅಚ್ಚಿನೊಳಕ್ಕೆ ದೂಡುವಾಗ ಕೈಯು ಅದರ ಮೇಲೆ 20 ಕಿಲೋ ಭಾರದಷ್ಟು ಬಲ ಹಾಕಿತೆನ್ನೋಣ. ಅಷ್ಟು ಭಾರವು ಅಷ್ಟು ದೂರದಲ್ಲಿ ತೂಗಿದಾಗ, ಪ್ರೆಸ್ಸು ಮುಂದಂಚಿನ ಮೇಲೆ ತಿರುಗಿ ಮುಗ್ಗರಿಸಲು ಹವಣಿಸುವುದು. ಹಿಂದಿನ ಬೋಲ್ಟುಗಳು ಮಾತ್ರ ಅದನ್ನು ಹಿಡಿದಿಡತಕ್ಕವು. ಮುಂದಿನ ಬೋಲ್ಟಿಗೂ ಹಿಂದಿನದಕ್ಕೂ 12 ಸೆಂಟಿಮೀಟರು ಅಂತರವಿದ್ದರೆ, ಹಿಂದಿನವುಗಳ ಮೇಲೆ ಬೀಳುವ ಎಳೆತವು ಸುಮಾರು 67 ಕಿಲೋ. ಅಂತರವನ್ನು 20 ಸೆಂಟಿಮೀಟರಿಗೆ ಹಿಗ್ಗಿಸಿದರೆ ಅದು 40ಕ್ಕೆ ಇಳಿಯುವುದು. ಪ್ರೆಸ್ಸನ್ನು ಉದ್ದವಾದ ಹಲಗೆಯ ಮೇಲೆ ಕೂರಿಸಿ, ಆ ಹಲಗೆಯನ್ನು ಪರಸ್ಪರ ದೂರವಿರುವ ಎರಡು ಹಳಿಗಳಿಗೆ ಬಿಗಿಯಬೇಕೆನ್ನುವುದಕ್ಕೆ ಈ ಲೆಕ್ಕಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಹಿಡಿಕೋಲನ್ನು ಮೇಲೆತ್ತುವಾಗಲೂ ಬಲದ ಆಟ ನಿಲ್ಲುವುದಿಲ್ಲ. ರೈಫಲ್ಲಿನ ತೋಟೆಯ ಅಚ್ಚಿನಲ್ಲಿ ಒಂದು ಸಣ್ಣ ಉಕ್ಕಿನ ಗುಂಡಿಯಿದ್ದು, ಚಿಪ್ಪು ಹಿಂದಿರುಗುವಾಗ ಅದರ ಕತ್ತಿನ ಒಳಗಿನಿಂದ ಹಾದು, ಒಳಗಿನ ವ್ಯಾಸವನ್ನು ಸರಿಪಡಿಸುವುದು. ಚಿಪ್ಪಿಗೆ ಸವರಿದ ಎಣ್ಣೆ ಕಡಮೆಯಾಗಿದ್ದರೆ ಅದು ಕಿರುಗುಟ್ಟಿ ಹಿಡಿದುಕೊಳ್ಳುವುದು. ಆಗ ಕೈಯು ಕೋಲನ್ನು ಮೇಲಕ್ಕೆ ಎಳೆಯುವುದು, ಮುಂದಿನ ಬೋಲ್ಟುಗಳು ಏಳುವುವು, ಹಗುರವಾದ ಮೇಜಾದರೆ ಮುಂಗಾಲುಗಳೂ ನೆಲ ಬಿಡುವುವು. ಅನುಭವಸ್ಥರು ಮೇಜಿನ ಬೆನ್ನನ್ನು ಗೋಡೆಯೊಳಗಿನ ಮರದ ಕಂಬಗಳಿಗೆ—ಅಮೆರಿಕೆಯ ಮರದ ಮನೆಗಳಲ್ಲಿ ಅವು ಬಹುತೇಕ 16 ಅಂಗುಲಕ್ಕೊಂದರಂತೆ ನಿಂತಿರುತ್ತವೆ—ದಪ್ಪ ತಿರುಪುಗಳಿಂದ ಜೋಡಿಸುವುದೂ, ಅಡಿಯ ಗೂಡುಗಳಲ್ಲಿ ಸೀಸದ ಗಟ್ಟಿಗಳನ್ನೋ ಗುಂಡುಗಳ ಪೆಟ್ಟಿಗೆಗಳನ್ನೋ ಹೇರಿಡುವುದೂ ಇದಕ್ಕಾಗಿಯೇ. ಅಲುಗುವ ಮೇಜಿನ ಮೇಲೆ ಎಷ್ಟು ಉತ್ತಮವಾದ ಹಳಿ ಹಾಸಿದರೂ ಅದು ಬಂಡಿಯ ಅಚ್ಚು ಸರಿಯಿಲ್ಲದೆ ಪಟ್ಟಿಗೆ ಎಣ್ಣೆ ಹಚ್ಚಿದಷ್ಟೇ ಪ್ರಯೋಜನ.

ಇನ್ನು ಮರದ ವಿಚಾರ. ಹಳಿಯನ್ನು ಹೂಳುವ ತೋಡಿನಷ್ಟು ಆಳವು ಹಲಗೆಯ ದಪ್ಪದಿಂದ ಕಳೆದುಹೋಗುವುದೆಂಬುದನ್ನು ಎಷ್ಟೋ ಮಂದಿ ಮರೆಯುತ್ತಾರೆ. ಮುಕ್ಕಾಲಂಗುಲದ ಒಂದೇ ಪ್ಲೈವುಡ್ಡಿನಲ್ಲಿ ಅರ್ಧ ಅಂಗುಲ ತೋಡಿದರೆ ಉಳಿಯುವುದು ಕಾಲಂಗುಲ. ಅದರಲ್ಲಿ ತಿರುಪುಮೊಳೆಯ ಹಿಡಿತವೆಲ್ಲಿ? ಎರಡು ಹಾಳೆಗಳನ್ನು ಅಂಟಿನಿಂದ ಕೂಡಿಸಿ ಒಂದೂವರೆ ಅಂಗುಲ ಮಾಡಿಕೊಳ್ಳುವುದು ಕನಿಷ್ಠ ಮರ್ಯಾದೆ. ಹಳಿಯ ಜೊತೆ ಕೊಡುವ ಗಿಡ್ಡ ತಿರುಪುಗಳನ್ನು ಪೊಟ್ಟಣದಲ್ಲೇ ಬಿಟ್ಟು, ಕಾಲಂಗುಲದ ಬೋಲ್ಟುಗಳನ್ನು ಹಳಿಯ ತಳದಿಂದ ಹಲಗೆಯನ್ನು ತೂರಿ ಕೆಳಗಿಳಿಸಿ, ಅಡಿಯಲ್ಲಿ ಅಗಲ ವಾಷರಿಗೋ, ಅದಕ್ಕಿಂತ ಮೇಲಾಗಿ ಉದ್ದಕ್ಕೂ ಹಾಯಿಸಿದ ಒಂದು ಉಕ್ಕಿನ ಪಟ್ಟಿಗೋ ಬಿಗಿದರೆ, ಮೇಲಿನ ಎಳೆತವನ್ನು ಹಲಗೆಯ ಇಡೀ ದಪ್ಪವು ಹೊರುವುದು. ತಿರುಪುಮೊಳೆಯು ಮರದ ನಾರನ್ನು ಹಿಡಿದು ನೇತಾಡುವುದು. ಬೋಲ್ಟು ಮರವನ್ನು ಅಪ್ಪಿಕೊಳ್ಳುವುದು. ಬೋಲ್ಟಿನ ತಲೆಗಳನ್ನು ಹಳಿಯ ತಳದೊಳಕ್ಕೆ ಓರೆಯಾಗಿ ಇಳಿಸಿರಬೇಕು, ಇಲ್ಲವಾದರೆ ಮೇಲೆ ಜಾರಬೇಕಾದ ಬೋಲ್ಟು ಅಲ್ಲಲ್ಲಿ ಎಡವುವುದು.

ಗಟ್ಟಿ ಮೇಪಲ್ ಮರದ ಪಟ್ಟಿಗಳನ್ನು ಜೋಡಿಸಿ ಮಾಡಿದ ಹಲಗೆಯನ್ನು ಕೆಲವು ಶ್ರೀಮಂತ ಹವ್ಯಾಸಿಗಳು ಮೆಚ್ಚುವರು. ಅದು ಸುಂದರವೂ ಭಾರವೂ ಹೌದು, ಆದರೆ ಜೀವಂತ. ಬೇಸಿಗೆಯ ತೇವಕ್ಕೆ ಹಿಗ್ಗಿ, ಒಲೆ ಹಚ್ಚಿದ ಚಳಿಗಾಲದ ಒಣಗಾಳಿಗೆ ಕುಗ್ಗುವ ಅದರ ಚಲನೆಯೆಲ್ಲ ನಾರಿಗೆ ಅಡ್ಡಲಾಗಿ. ನಾರಿನ ಉದ್ದಕ್ಕೆ ಅದು ಅಲುಗುವುದೇ ಇಲ್ಲವೆನ್ನಬಹುದು. 60 ಸೆಂಟಿಮೀಟರು ಅಗಲದ ಮೇಪಲ್ ಹಲಗೆ, ಒಳಗಿನ ತೇವವು ನೂರಕ್ಕೆ ನಾಲ್ಕರಷ್ಟು ಏರಿಳಿದರೆ, ಪಟ್ಟಿಗಳನ್ನು ಕೊಯ್ದ ಬಗೆಯನ್ನನುಸರಿಸಿ ನಾಲ್ಕರಿಂದ ಎಂಟು ಮಿಲಿಮೀಟರು ಅಗಲ ಬದಲಿಸುವುದು. ಅಷ್ಟೇ ಉದ್ದದ ಅಲ್ಯುಮಿನಿಯಂ ಹಳಿ, ಶಾಖವು 30 ಡಿಗ್ರಿ ಬದಲಾದರೂ, ಅರ್ಧ ಮಿಲಿಮೀಟರು ಕೂಡ ಮಿಸುಕದು. ಹೀಗಿರುವಲ್ಲಿ ಹಳಿಯನ್ನು ಮುಂದಿನಿಂದ ಹಿಂದಕ್ಕೆ, ನಾರಿಗೆ ಅಡ್ಡವಾಗಿ ಹಾಸಿ ಎರಡು ತುದಿಗಳಲ್ಲೂ ಅಲುಗದಂತೆ ಬಿಗಿದರೆ, ಹಲಗೆ ಸೀಳುವುದು ಅಥವಾ ಹಳಿ ಬಿಲ್ಲಿನಂತೆ ಬಾಗುವುದು. ಮಧ್ಯದ ಒಂದು ಬೋಲ್ಟನ್ನು ಮಾತ್ರ ಸ್ಥಿರವಾಗಿಟ್ಟು ಉಳಿದ ತೂತುಗಳನ್ನು ಅಂಡಾಕಾರವಾಗಿ ಹಿಗ್ಗಿಸುವುದು ಬಲ್ಲವರ ಕ್ರಮ. ಮುಂದಂಚಿಗೆ ಸಮಾನಾಂತರವಾಗಿ, ನಾರಿನ ಉದ್ದಕ್ಕೇ ಹಾಸಿದರೆ ಈ ಕಾಟವಿಲ್ಲ. ಆದರೂ ಎರಡು ಹಳಿಗಳ ನಡುವಿನ ದೂರವು ಋತುವಿಗನುಸಾರವಾಗಿ ಒಂದೆರಡು ಮಿಲಿಮೀಟರು ವ್ಯತ್ಯಾಸವಾಗುವುದರಿಂದ, ಉಪಕರಣದ ಹಲಗೆಯ ಹಿಂದಿನ ತೂತುಗಳನ್ನಾದರೂ ಉದ್ದುದ್ದವಾಗಿ ಕೊರೆದಿರಬೇಕು. ಇಷ್ಟು ಉಪಚಾರ ಬೇಡವೆನ್ನುವವನಿಗೆ ಪ್ಲೈವುಡ್ಡೇ ಗತಿ. ಅದರ ಪದರಗಳು ಒಂದನ್ನೊಂದು ಅಡ್ಡಗಟ್ಟಿ ಹಿಡಿದುಕೊಂಡು ಎತ್ತಲೂ ಹೆಚ್ಚು ಅಲುಗವು. ನಾನಾದರೆ ಪ್ಲೈವುಡ್ಡನ್ನೇ ಆರಿಸಿಕೊಳ್ಳುವೆನು, ಅಂದಕ್ಕೆ ಬೇಕಾದರೆ ಅಂಚಿಗೆ ಮೇಪಲ್ಲಿನ ಒಂದು ಕಟ್ಟು ಹಾಕಿಸುವೆನು.

ತೋಡು ತೆಗೆಯುವ ಕೆಲಸದಲ್ಲಿ ನೋಡತಕ್ಕ ಒಂದು ಸೂಕ್ಷ್ಮವಿದೆ. ಆ ನೆರೆಮನೆಯವರು ಉದ್ದವಾದ ನೇರ ಪಟ್ಟಿಯೊಂದನ್ನು ಹಲಗೆಯ ಮೇಲೆ ಬಿಗಿದು, ಅದಕ್ಕೆ ರೌಟರಿನ ತಳವನ್ನು ಒತ್ತಿಹಿಡಿದು, ಒಂದು ಸಲಕ್ಕೆ ಮೂರು ಮಿಲಿಮೀಟರಿನಂತೆ ಇಳಿಸುತ್ತ ಬಂದರು. ಕೊನೆಯ ಇಳಿಕೆಗೆ ಮುಂಚೆ ರದ್ದಿ ತುಂಡೊಂದರಲ್ಲಿ ಪರೀಕ್ಷಿಸಿ, ಹಳಿಯನ್ನು ಕೂರಿಸಿ, ಮೇಲೆ ಉಕ್ಕಿನ ಅಳತೆಪಟ್ಟಿಯನ್ನು ಅಡ್ಡ ಇಟ್ಟು, ಕೆಳಗೆ ಬೆಳಕು ತೂರುವುದೇ ಎಂದು ಕಣ್ಣಿಟ್ಟು ನೋಡಿದರು. ಹಳಿಯ ಮೈಯೂ ಮರದ ಮೈಯೂ ಒಂದೇ ಮಟ್ಟದಲ್ಲಿರಬೇಕೆ, ಹಳಿ ಕೂದಲೆಳೆಯಷ್ಟು ತಗ್ಗಿರಬೇಕೆ ಎಂಬುದರಲ್ಲಿ ಮರಗೆಲಸದವರಲ್ಲಿ ಎರಡು ಪಕ್ಷಗಳುಂಟು. ತಗ್ಗಿದ್ದರೆ ಮರದ ತುಂಡುಗಳನ್ನು ಜಾರಿಸುವಾಗ ಲೋಹಕ್ಕೆ ತಾಗದು ಎಂಬುದು ತಗ್ಗಿನ ಪಕ್ಷದವರ ವಾದ. ಪೀಠೋಪಕರಣ ಮಾಡುವವನಿಗೆ ಅದು ಸಾಧುವೇ. ತೋಟೆಯ ಮೇಜಿನಲ್ಲಿ ಅದು ಸಲ್ಲದು. ಹಳಿ ತಗ್ಗಿದ್ದು ಉಪಕರಣದ ಹಲಗೆ ಮರದ ಮೇಲೆ ಕೂತಿದ್ದರೆ, ಮೇಲಿನ ನಟ್ಟನ್ನು ಬಿಗಿದಷ್ಟೂ ಬೋಲ್ಟಿನ ತಲೆ ಹಳಿಯನ್ನು ತೋಡಿನಿಂದ ಮೇಲಕ್ಕೆ ಎಳೆಯುವುದು. ಹಿಡಿಕೋಲನ್ನು ಮುಟ್ಟುವ ಮೊದಲೇ ಅಡಿಯ ಬಂಧನಗಳೆಲ್ಲ ಸೆಟೆದು ನಿಂತಿರುವುವು. ಹಳಿ ಮರದ ಮಟ್ಟಕ್ಕೆ ಸರಿಯಾಗಿ, ಬೇಕಾದರೆ ಕಾಗದದಷ್ಟು ಉಬ್ಬಾಗಿ ಇದ್ದರೆ, ಉಪಕರಣದ ಹಲಗೆ ಹಳಿಯ ತುಟಿಗಳ ಮೇಲೆಯೇ ಕೂರುವುದು. ಬಿಗಿದ ಬಲವು ಹಳಿಯೊಳಗೇ ಹುಟ್ಟಿ ಹಳಿಯೊಳಗೇ ಮುಗಿಯುವುದು, ಅಡಿಯ ಬೋಲ್ಟುಗಳಿಗೆ ಪ್ರೆಸ್ಸಿನ ಎಳೆತವೊಂದೇ ಪಾಲಿಗೆ ಬರುವುದು. ಕಾಗದದ ದಪ್ಪದಲ್ಲಿ ಇಷ್ಟು ಭೇದವಡಗಿದೆ.

ಬಿಗಿಯುವುದಕ್ಕೂ ಮಿತಿಯಿರಬೇಕು. ಅಲ್ಯುಮಿನಿಯಂ ಹಳಿಯ ತುಟಿಗಳು ತೆಳು. ಉದ್ದ ಸ್ಪ್ಯಾನರಿನಿಂದ ಬಲ ತೋರಿಸಿದರೆ ಅವು ಮೇಲಕ್ಕೆ ಬಾಯಿ ತೆರೆದುಕೊಂಡು, ಮತ್ತೆ ಅಲ್ಲಿ ಯಾವ ಬೋಲ್ಟೂ ನಿಲ್ಲದಂತಾಗುವುದು. ಷಟ್ಕೋನ ಬೋಲ್ಟಿನ ತಲೆಗಿಂತ ಉದ್ದನೆಯ ಜಾರುನಟ್ಟನ್ನು ಬಳಸಿದರೆ ಭಾರವು ತುಟಿಯ ಹೆಚ್ಚು ಉದ್ದಕ್ಕೆ ಹಂಚಿಹೋಗುವುದು. ದೊಡ್ಡ ರೈಫಲ್ಲಿನ ಚಿಪ್ಪುಗಳನ್ನು ದಿನವಿಡೀ ಒತ್ತುವವನಿಗಾದರೆ ಉಕ್ಕಿನ ಕಾಲುವೆಯೇ ಯೋಗ್ಯ. ಅದನ್ನು ಹೂಳಲು ಒಂದೂವರೆ ಅಂಗುಲದ ಹಲಗೆಯೂ ಸಾಲದಾದ್ದರಿಂದ, ಮೇಜಿನ ಚೌಕಟ್ಟಿನಲ್ಲಿಯೇ ಅಡ್ಡತೊಲೆಯಂತೆ ಸೇರಿಸಿ, ಹಲಗೆಯನ್ನು ಅದರ ಇಕ್ಕೆಲಗಳಲ್ಲಿ ಹಾಸುವರು. ಆಗ ಹಳಿಯು ಮೇಜಿನ ಅಲಂಕಾರವಾಗಿರದೆ ಮೇಜಿನ ಎಲುಬೇ ಆಗುವುದು. ಹಾಗೆ ಕಟ್ಟುವುದು ಹೊಸ ಮೇಜಿಗೆ ಸುಲಭ, ಹಳೆಯ ಮೇಜಿಗೆ ದುಸ್ತರ.

ಪ್ರೆಸ್ಸಿನ ವಿಷಯದಲ್ಲಿ ಇನ್ನೊಂದು ತೊಡಕುಂಟು. ಹಲವು ಪ್ರೆಸ್ಸುಗಳ ಸನ್ನೆಯ ಕೀಲುಗಳು ಮೇಜಿನ ಮಟ್ಟಕ್ಕಿಂತ ಕೆಳಗೆ ಇಳಿದು ತೂಗಾಡುವುವು. ಆದುದರಿಂದ ಅವು ಮುಂದಂಚಿನಿಂದ ಹೊರಚಾಚಿಯೇ ನಿಲ್ಲಬೇಕು, ಹಳಿಯ ಉದ್ದಕ್ಕೆ ಎಡಬಲಕ್ಕೆ ಜಾರಬಹುದೇ ಹೊರತು ಹಿಂದಕ್ಕೆ ಸರಿಯಲಾರವು. ಉಪಕರಣದ ಹಲಗೆಯನ್ನು ಅಂಚಿನಿಂದ ಮುಂದಕ್ಕೆ ಚಾಚಿಸಿದರೆ ಕೀಲಿಗೆ ಎಡೆ ಸಿಗುವುದು, ಆದರೆ ಮೇಲೆ ಹೇಳಿದ 40 ಸೆಂಟಿಮೀಟರಿನ ಸನ್ನೆ ಇನ್ನೂ ಉದ್ದವಾಗಿ ಎಳೆತ ಹೆಚ್ಚುವುದು. ಉಕ್ಕಿನ ಪೀಠದ ಮೇಲೆ ಪ್ರೆಸ್ಸನ್ನು ಒಂದು ಗೇಣು ಎತ್ತರಿಸಿದರೆ ಕೀಲುಗಳು ಮೇಜಿನ ಮೇಲೆಯೇ ತಿರುಗುವುವು, ನಿಂತು ಕೆಲಸ ಮಾಡುವವನ ಬೆನ್ನಿಗೂ ಹಿತ. ಆಗ ಪೀಠದ ಕಾಲುಗಳು ದೃಢವಾಗಿಲ್ಲದಿದ್ದರೆ ಪ್ರೆಸ್ಸು ಓಲಾಡುವುದು. ಒಂದು ಸೌಕರ್ಯಕ್ಕೆ ಒಂದು ತೆರಿಗೆ; ಯಂತ್ರಗಳ ರಾಜ್ಯದಲ್ಲಿ ಈ ಕಂದಾಯಕ್ಕೆ ಮಾಫಿಯಿಲ್ಲ.

ಇಷ್ಟೆಲ್ಲ ಕೇಳಿದ ಓದುಗರು, ಪ್ರೆಸ್ಸನ್ನು ಹಳಿಗೆ ಏರಿಸುವ ಉಸಾಬರಿಯಾದರೂ ಏತಕ್ಕೆ, ಅದನ್ನು ಒಂದೆಡೆ ಶಾಶ್ವತವಾಗಿ ಬೋಲ್ಟು ಹಾಕಿಬಿಟ್ಟರಾಗದೆ ಎಂದಾರು. ಹಳೆಯ ಅನುಭವಿಗಳು ಹೇಳುವುದೂ ಅದನ್ನೇ, ಮತ್ತು ನನ್ನ ಮಟ್ಟಿಗೆ ಆ ಮಾತಿನಲ್ಲಿ ಮುಕ್ಕಾಲು ಪಾಲು ತಿರುಳಿದೆ. ನಾನು ಕಂಡ ಆ ಮೇಜಿನಲ್ಲಿಯೂ ದೊಡ್ಡ ಪ್ರೆಸ್ಸು ಬಲಮೂಲೆಯಲ್ಲಿ, ಕಾಲಿನ ನೆತ್ತಿಯ ಮೇಲೆ, ಹಲಗೆಯನ್ನು ತೂರಿದ ಬೋಲ್ಟುಗಳಿಂದ ಅಚಲವಾಗಿ ನಿಂತಿತ್ತು. “ಇದು ಮನೆಯ ಯಜಮಾನ, ಕುರ್ಚಿ ಬಿಟ್ಟು ಏಳುವುದಿಲ್ಲ, ಓಡಾಡುವವರೆಲ್ಲ ಮಿಕ್ಕವರು,” ಎಂದು ಅವರು ನಕ್ಕರು. ಮಿಕ್ಕವುಗಳೆಂದರೆ ಚಿಪ್ಪು ಕತ್ತರಿಸುವ ಸಣ್ಣ ಲೇತು, ಮದ್ದಿನ ಅಳತೆಯಂತ್ರ, ಕೇಪು ಕೂರಿಸುವ ಸಾಧನ, ಕೋವಿಯನ್ನು ಒರಸುವಾಗ ಹಿಡಿದಿಡುವ ತೊಟ್ಟಿಲು, ಬಾಗುವ ಕತ್ತಿನ ದೀಪ. ಇವುಗಳೆಲ್ಲ ಒಂದೇ ಅಳತೆಯ ಹಲಗೆಗಳ ಮೇಲೆ, ಒಂದೇ ಅಂತರದ ತೂತುಗಳೊಡನೆ ಸಿದ್ಧವಾಗಿದ್ದವು. ಒಂದನ್ನು ತೆಗೆದು ಇನ್ನೊಂದನ್ನು ಇಡಲು ಎರಡು ಗುಬುಟುಗಳನ್ನು ತಿರುಗಿಸುವಷ್ಟು ಹೊತ್ತು ಸಾಕು. ಇವುಗಳಲ್ಲಿ ಯಾವುದೂ ಹಳಿಯನ್ನು ಕೀಳುವಷ್ಟು ಬಲವನ್ನು ಬಯಸದು. ಅಲ್ಯುಮಿನಿಯಂ ಹಳಿಯ ನಿಜವಾದ ಪ್ರಜೆಗಳು ಇವೇ. ಸಣ್ಣ ಮನೆಯಲ್ಲಿ ವಾಸಿಸುತ್ತ, ಊಟದ ಮೇಜನ್ನೇ ರಾತ್ರಿ ಕೆಲಸಕ್ಕೆ ಎಳೆದುಕೊಳ್ಳುವವನಿಗೆ ಮಾತ್ರ ಪ್ರೆಸ್ಸನ್ನೂ ಕಳಚಿಡಬೇಕಾಗುವುದು. ಅಂಥವನು ಮೇಲೆ ವಿವರಿಸಿದ ಎಲ್ಲ ಲೆಕ್ಕವನ್ನೂ ಪಾಲಿಸತಕ್ಕದ್ದು.

ಹಳಿಯನ್ನು ಏರಬಾರದ ಒಂದು ವಸ್ತುವಿದೆ: ತಕ್ಕಡಿ. ಮದ್ದನ್ನು ತೂಗುವ ಮಾನ ಗ್ರೇನು. ಒಂದು ಪೌಂಡಿಗೆ 7000 ಗ್ರೇನುಗಳು, ಎಂದರೆ ಗ್ರೇನೊಂದಕ್ಕೆ ಸುಮಾರು 65 ಮಿಲಿಗ್ರಾಂ. ತಕ್ಕಡಿಯು ಗ್ರೇನಿನ ಹತ್ತನೆಯ ಒಂದು ಪಾಲನ್ನು, ಆರೂವರೆ ಮಿಲಿಗ್ರಾಮನ್ನು ತೋರಬೇಕು. ಪ್ರೆಸ್ಸಿನ ಒಂದೊಂದು ಎಳೆತಕ್ಕೂ ನಡುಗುವ ಹಲಗೆಯ ಮೇಲೆ ಇಂಥ ಸೂಕ್ಷ್ಮಮಾನವು ನಿಂತು ನಿಜ ನುಡಿಯಲಾರದು. ಅದನ್ನು ಗೋಡೆಗೇ ಬಡಿದ ಪ್ರತ್ಯೇಕವಾದ ಚಿಕ್ಕ ಹಲಗೆಯ ಮೇಲೆ, ಕಣ್ಣಿನ ಮಟ್ಟದಲ್ಲಿ, ಗಾಳಿ ಬೀಸದೆಡೆಯಲ್ಲಿ ಇರಿಸತಕ್ಕದ್ದು. ಹಳಿಯ ಮೇಲೆ ಜಾರಿಸಿ ತಂದ ಮದ್ದಿನ ಅಳತೆಯಂತ್ರವನ್ನೂ ಪ್ರತಿ ಸಲ ಬಿಗಿದ ಮೇಲೆ ಕೆಲವು ಅಳತೆಗಳನ್ನು ಸುರಿದು, ಆ ತಕ್ಕಡಿಯಲ್ಲಿ ತೂಗಿ ನೋಡಿದಲ್ಲದೆ ನಂಬಬಾರದು. ಒಂದು ಚಿಪ್ಪಿಗೆ ಎರಡು ಸಲ ಮದ್ದು ಬಿದ್ದರೆ ಕೋವಿಯೂ ಕೈಯೂ ಉಳಿಯುವ ಭರವಸೆಯಿಲ್ಲದಿರುವಾಗ, ಈ ವಿಧಿಯನ್ನು ಅತಿ ಜಾಗ್ರತೆಯೆಂದು ಯಾರೂ ತಳ್ಳಿಹಾಕಲಾರರು. ಮೇಜಿನ ಮೇಲೆ ಏಕಕಾಲದಲ್ಲಿ ಒಂದೇ ಜಾತಿಯ ಮದ್ದಿನ ಡಬ್ಬಿ ಇರಬೇಕೆಂಬ ನಿಯಮವು ಈ ಹವ್ಯಾಸದಲ್ಲಿ ವೇದವಾಕ್ಯದಂತೆ ನಡೆಯುವುದು. ಹಳಿಯಿಂದಾಗಿ ಮೇಜು ತೆರವಾಗುವುದರ ಮುಖ್ಯವಾದ ಲಾಭವೂ ಇದೇ, ಬೇಡದ ಡಬ್ಬಿಯೊಂದು ಉಪಕರಣಗಳ ಮರೆಯಲ್ಲಿ ಅಡಗಿ ಕೂತಿರಲು ಅವಕಾಶವಿಲ್ಲದಂತಾಗುವುದು.

ಅದೇ ಹಳಿ ಒಂದು ಹೊಸ ಅಡಗುತಾಣವನ್ನೂ ಒದಗಿಸುವುದೆಂಬುದು ಮಾತ್ರ ಹಾಸಿದ ಮೇಲೆ ತಿಳಿಯುವ ಸಂಗತಿ. ಚೆಲ್ಲಿದ ಮದ್ದಿನ ಕಾಳುಗಳು—ಕೆಲವು ಕಡ್ಡಿಯಂತೆ, ಕೆಲವು ಎಳ್ಳಿನಂತೆ ಚಪ್ಪಟೆಯಾಗಿ—ತೋಡಿನೊಳಕ್ಕೆ ಉರುಳಿ, ತುಟಿಗಳ ಅಡಿಯಲ್ಲಿ ಸಾಲುಗಟ್ಟಿ ಕೂರುವುವು. ಹಳೆಯ ಕೇಪುಗಳ ಮಸಿಯೂ ಅಲ್ಲಿಯೇ ಸೇರುವುದು, ಮತ್ತು ಬಹುತೇಕ ಕೇಪುಗಳಲ್ಲಿ ಸೀಸದ ಸಂಯುಕ್ತವಿರುವುದರಿಂದ ಆ ಮಸಿ ಮೈಗೆ ಒಳ್ಳೆಯದಲ್ಲ. ಹೊಸ ಕೇಪೊಂದು ಜಾರಿ ಅದರೊಳಕ್ಕೆ ಬಿದ್ದು, ಯಾರ ಗಮನಕ್ಕೂ ಬಾರದೆ, ಅದರ ಮೇಲೆ ಬೋಲ್ಟಿನ ತಲೆಯನ್ನು ಒತ್ತಿ ದೂಡುವ ಸಂದರ್ಭವನ್ನು ಕಲ್ಪಿಸಿಕೊಂಡರೆ ಸಾಕು. ಮನೆಯ ಕಸ ಎಳೆಯುವ ವ್ಯಾಕ್ಯೂಮ್ ಯಂತ್ರವನ್ನು ಇಲ್ಲಿಗೆ ತರಕೂಡದು. ಅದರ ಮೋಟಾರಿನ ಕಿಡಿಗೂ ಕೊಳವೆಯ ಘರ್ಷಣೆಯ ವಿದ್ಯುತ್ತಿಗೂ ಮದ್ದು ಒಗ್ಗದು. ಗಟ್ಟಿ ಕೂದಲಿನ ಸಣ್ಣ ಕುಂಚದಿಂದ ತುದಿಯತ್ತ ಗುಡಿಸಿ, ಹಳಿಯ ಕೊನೆಯಲ್ಲಿ ಕಾಗದ ಹಿಡಿದು ಬೀಳಿಸಿಕೊಂಡು, ಒದ್ದೆ ಬಟ್ಟೆಯಿಂದ ಒರಸುವುದೇ ಸಮ. ಆಮೇಲೆ ಕೈ ತೊಳೆಯದೆ ಊಟಕ್ಕೆ ಏಳಬಾರದು. ಗುಡಿಸಲು ಅನುಕೂಲವಾಗಲೆಂದು ಹಳಿಯ ಒಂದು ತುದಿಯನ್ನಾದರೂ ಮೇಜಿನ ಪಕ್ಕದಂಚಿನವರೆಗೆ ಒಯ್ದು ಬಾಯಿ ತೆರೆದಿಡತಕ್ಕದ್ದು. ನಡುಮೇಜಿನಲ್ಲಿ ಮುಚ್ಚಿಹೋದ ತೋಡಿನಿಂದ ಕಾಳುಗಳನ್ನು ಹೊರತೆಗೆಯುವಷ್ಟರಲ್ಲಿ ಯಾರ ತಾಳ್ಮೆಯಾದರೂ ಕೆಟ್ಟೀತು. ಬಳಕೆಯಿಲ್ಲದ ಭಾಗಕ್ಕೆ ಅದೇ ಅಗಲದ ಮರದ ರೀಪೊಂದನ್ನು ಒಳಕ್ಕೆ ಜಾರಿಸಿ ಮುಚ್ಚಿಡುವವರೂ ಇದ್ದಾರೆ. ಪೇಟೆಯಲ್ಲಿ ಪ್ಲಾಸ್ಟಿಕ್ಕಿನ ಮುಚ್ಚುಪಟ್ಟಿಯೂ ದೊರೆಯುವುದಾದರೂ, ಅದಕ್ಕೆ ಘರ್ಷಣೆಯ ವಿದ್ಯುತ್ತು ಹಿಡಿದು ಮದ್ದಿನ ಕಾಳುಗಳು ಅಂಟಿಕೊಳ್ಳುವುದರಿಂದ ಮರದ ರೀಪೇ ವಾಸಿ.